ಬಾಗಿನದ ಸೌತೆ

ಅತ್ತೆ ಪೂಜೆಯ ಬುಟ್ಟಿ ಹಿಡಿದು ಹಿತ್ತಲಿಗೆ ಬರುವುದರೊಳಗೆ ಒಂದು ಹೂವಾದರೂ ಸಿಗಬೇಕಿತ್ತು. ಚಂದನಾ ಸೌತೆ ಚಪ್ಪರದ ಕೆಳಗೆ ಬಗ್ಗಿ ನುಸುಳಿದಳು. ಬರೀ ತೊಟ್ಟಿನ ಹಳದಿ ಹೂವೊಂದನ್ನು ಚಿವುಟಿ, ಎಸಳು ಬಿಡಿಸಿ, ಅದರ ನಡುವಿನ ಪುಡಿಯನ್ನು ಇನ್ನೊಂದು ಹೂವಿನೊಳಗೆ ಮೆಲ್ಲಗೆ ಸವರಿದಳು. ಆ ಹೂವಿನ ಹಿಂದೆ ಕಿರುಬೆರಳ ತುದಿಯಷ್ಟು ಮಿಡಿ ಇತ್ತು. ಆಮೇಲೆ ಇನ್ನೊಂದಕ್ಕೆ. ಮತ್ತೊಂದಕ್ಕೆ. ತುಟಿಯಲ್ಲಿ ಓಂ ನಮಃ ಶಿವಾಯ.

"ಏನಮ್ಮ, ಬಳ್ಳಿ ಜೊತೆ ಗುಟ್ಟು ಮಾತಾಡ್ತಿದ್ದೀಯಾ?" ಸುಲೋಚನಮ್ಮ ಬಂದೇ ಬಿಟ್ಟಿದ್ದರು.

"ಹುಳ ನೋಡ್ತಿದ್ದೆ ಅತ್ತೆ."

"ನೋಡು, ನೋಡು. ಮಕ್ಕಳಿರೋ ಮನೇಲಿ ಇಷ್ಟು ಪುರುಸೊತ್ತು ಎಲ್ಲಿರುತ್ತೆ."

ಹಣೆ ತುಂಬ ವಿಭೂತಿ ಧರಿಸಿದ್ದ ಅತ್ತೆ ಚಪ್ಪರದ ಉದ್ದಕ್ಕೂ ನಡೆದು, ಮಿಡಿಯಿಲ್ಲದ ಹೂಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡರು. ದಿನವೂ ಹಾಗೆಯೇ. ಮಿಡಿಯಿರುವ ಹೂವನ್ನು ಮುಟ್ಟುತ್ತಿರಲಿಲ್ಲ. "ಪೊಳ್ಳು ಹೂ. ಶಿವನ ತಲೆ ಮೇಲಾದ್ರೂ ಇರಲಿ," ಎನ್ನುತ್ತಿದ್ದರು.

ಪಾಪ, ಗೊತ್ತಿಲ್ಲದೆ ಮಾಡುತ್ತಾರೆ ಎಂದುಕೊಳ್ಳುತ್ತಿದ್ದಳು ತವರಿನಲ್ಲಿ ತರಕಾರಿ ಬೆಳೆದಿದ್ದ ಚಂದನಾ. ದೇವರಿಗೆಂದು ಕೀಳುವ ಕೈಯನ್ನು ತಡೆಯುವುದು ಹೇಗೆ? ಅದು ಗಂಡು ಹೂ ಎಂದು ವಿವರಿಸಹೊರಟರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ.

ಮದುವೆಯಾಗಿ ಏಳು ವರ್ಷ. ಮಡಿಲು ತುಂಬಿರಲಿಲ್ಲ. ಮುಂಗಾರು ಹಿಡಿದ ವಾರ ಅತ್ತೆ ನಾಲ್ಕು ಬೀಜ ಅವಳ ಕೈಗಿಟ್ಟು, ಪಕ್ಕದ ಮನೆಯ ಶಿವಮ್ಮನ ಎದುರಿಗೇ ಹೇಳಿದ್ದರು: "ಗೌರಿ ಹಬ್ಬಕ್ಕೆ ಹದಿನಾರು ಬಾಗಿನ. ಒಂದೊಂದು ಮೊರಕ್ಕೂ ನೀನು ಬೆಳೆದ ಒಂದೊಂದು ಸೌತೆ. ಬಂಜೆ ಕೈಯಲ್ಲಿ ನೆಟ್ಟಿದ್ದು ಕಾಯಿ ಬಿಡುತ್ತೋ ಇಲ್ವೋ, ನೋಡೇ ಬಿಡೋಣ. ಹದಿನಾರು ಬಂದ್ರೆ ಈ ಮನೆ ನಿಂದು. ಬರದಿದ್ರೆ ತವರಿಗೆ ಹೊರಡು, ಕೀರ್ತಿಗೆ ಬೇರೆ ಹೆಣ್ಣು ನೋಡ್ತೀನಿ."

ಗಂಡ ಕೀರ್ತಿಕುಮಾರ್ ತಲೆ ತಗ್ಗಿಸಿ ಶುಂಠಿ ಹೊಲಕ್ಕೆ ಎದ್ದುಹೋಗಿದ್ದ.

ಅವನು ಯಾಕೆ ಸುಮ್ಮನಿದ್ದನೆಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಮೂರನೇ ವರ್ಷ ಇಬ್ಬರೂ ಮೈಸೂರಿನ ಡಾಕ್ಟರ ಹತ್ತಿರ ಹೋಗಿದ್ದರು. ಕೊರತೆ ಅವನದು. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಕೈ ಹಿಡಿದು ಅತ್ತಿದ್ದ. "ಅಮ್ಮನಿಗೆ ಗೊತ್ತಾದ್ರೆ ಎದೆ ಒಡೆದು ಸಾಯ್ತಾಳೆ ಕಣೇ." ಅಂದಿನಿಂದ ಬಂಜೆ ಎಂಬ ಮಾತನ್ನು ಚಂದನಾ ತಾನೇ ಹೊತ್ತಳು. ಹಿರಿಯ ಜೀವಕ್ಕೆ ನೋವಾಗದಿರಲಿ ಎಂದು ಸಂಜೆ ದೀಪ ಹಚ್ಚುವಾಗಲೆಲ್ಲ ಬೇಡಿಕೊಂಡಳು.

ಬಳ್ಳಿ ಅವಳ ಕೈ ಬಿಡಲಿಲ್ಲ. ದಿನಕ್ಕೆ ಒಂದೆರಡು ಹೂವಿನ ಪುಡಿ ಸಾಕಾಯಿತು. ಬುಡಕ್ಕೆ ಸಗಣಿ ಗೊಬ್ಬರ, ಒಲೆಯ ಬೂದಿ. ಎಳೆಗಾಯಿ ಕೊಯ್ದಷ್ಟೂ ಹೊಸ ಮಿಡಿ ಕಚ್ಚಿತು. ಕೇರಿಗೆಲ್ಲ ಹಂಚಿಯೂ ಹಬ್ಬದ ಮುನ್ನಾ ದಿನ ಎರಡು ಕುಕ್ಕೆ ತುಂಬಿ, ಮಿಕ್ಕವು ಜಗಲಿಯ ಮೇಲೆ ಉರುಳಾಡಿದವು.

ಶಿವಮ್ಮ ಗಲ್ಲಕ್ಕೆ ಕೈ ಹಚ್ಚಿದರು. "ಸುಲೋಚನಕ್ಕ, ಬಂಜೆ ಕೈಯಲ್ಲೇ ಇಷ್ಟು. ಹೆತ್ತೋಳಾಗಿದ್ರೆ ಕುಶಾಲನಗರ ಸಂತೆಗೆ ಲಾರಿ ಮಾಡ್ಬೇಕಿತ್ತು."

ಅವರು ಹೋದ ಮೇಲೆ ಸುಲೋಚನಮ್ಮ ಮೊರ ಒರೆಸುತ್ತ ಕೂತರು. ಮುಖ ಗಂಟಿಕ್ಕಿತ್ತು. ಗೆದ್ದವಳಿಗೆ ಕನಿಕರ ಸುಲಭ. ಚಂದನಾ ಪಕ್ಕದಲ್ಲಿ ಕೂತು ಸೌತೆಯೊಂದನ್ನು ತೊಳೆಯತೊಡಗಿದಳು.

"ಬೇಜಾರು ಮಾಡ್ಕೋಬೇಡಿ ಅತ್ತೆ. ನೀವು ಪೊಳ್ಳು ಅಂತ ಕೀಳ್ತಿದ್ದದ್ದು ಗಂಡು ಹೂ. ಅದಿಲ್ಲದೆ ಕಾಯಿ ಕಚ್ಚಲ್ಲ. ನಿಮಗೆ ಗೊತ್ತಿರಲಿಲ್ಲ, ಅಷ್ಟೇ."

"ನಲವತ್ತು ವರ್ಷ ಈ ಹಿತ್ತಲಲ್ಲಿ ಸೌತೆ ಬೆಳೆದೋಳು ನಾನು." ಅತ್ತೆ ತಲೆ ಎತ್ತಲಿಲ್ಲ. "ಯಾವ ಹೂ ಕಿತ್ರೆ ಬಳ್ಳಿ ಬರಿದಾಗುತ್ತೆ ಅಂತ ನೀನು ಹೇಳ್ಕೊಡ್ಬೇಕಾ?"

ಚಂದನಾಳ ಕೈ ನಿಂತಿತು. "ಮತ್ತೆ ಯಾಕೆ ಕಿತ್ರಿ?"

"ನೀನು ಹೋಗಿದ್ರೆ ಬಂಜೆ ಅನ್ನೋ ಮಾತೂ ನಿನ್ನ ಹಿಂದೇನೇ ಹೋಗ್ತಿತ್ತು. ನನ್ನ ಮಗನ ಕಡೆ ಯಾರೂ ಬೆರಳು ತೋರಿಸ್ತಿರಲಿಲ್ಲ."

"ಅವರು... ನಿಮಗೆ ಹೇಳಿಬಿಟ್ರಾ?"

ಸುಲೋಚನಮ್ಮ ಮೊರ ಕೆಳಗಿಟ್ಟರು.

"ಅವನು ಹೇಳೋದೇನು ಬಂತು. ನಿನ್ನನ್ನ ನೋಡೋಕೆ ಬರೋ ಹಿಂದಿನ ವಾರ ಅವನನ್ನ ಮೈಸೂರಿನ ಆ ಡಾಕ್ಟರ ಹತ್ರ ಕರ್ಕೊಂಡು ಹೋದೋಳು ನಾನೇ."