ಹೊಲ ಅಳೆದ ಸರಪಳಿ

ಬಸ್ಸಿನ ಕಂಬಿ ಹಿಡಿದ ಕೈ ಕಬ್ಬಿಣದ ವಾಸನೆ ಹೊಡೆದರೆ, ಅಪ್ಪ ಮತ್ತು ಕಾಕಾ ಹೊಲ ಹಂಚಿಕೊಂಡ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಹೊಲ ಅಳೆಯುವ ಸರಪಳಿ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲೇ ಇತ್ತು. "ಒಂದ್ ಕೊಂಡಿ ಮಣಿದ್ರೂ ಅಳತಿ ತಪ್ಪತೈತಿ. ನಿಮ್ಮ ಕಾಕಾನ ಕೈ ಮ್ಯಾಲೆ ಕಣ್ಣಿಡು" ಎಂದು ಅವ್ವ ನನ್ನನ್ನು ಅವರ ಜೊತೆ ಕಳಿಸಿದಳು.

ಕಾಕಾ ಸರಪಳಿಯ ಒಂದು ತುದಿಯನ್ನು ಆಳಿನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಎರೆಹೊಲದ ಬಿರುಕು ದಾಟುತ್ತಿದ್ದ. ನಾನು ಅವನ ಬೆನ್ನ ಹಿಂದೆಯೇ ನಡೆದೆ. "ಯಾಕ ತಂಗಿ, ಹಂಗ್ಯಾಕ ನೋಡಾಕತ್ತಿ?" ಎಂದ. ಅಪ್ಪ ಸರಪಳಿಯ ಹತ್ತಿರ ಸುಳಿಯದೆ ಬದುವಿನ ಮೇಲೆ ಕೂತಿದ್ದ.

ಬುತ್ತಿ ಬಿಚ್ಚಿದಾಗ ಅಪ್ಪನೇ ರೊಟ್ಟಿ ಮುರಿದು ನನ್ನ ಬಾಯಿಗಿಟ್ಟ. ಅದು ಕಬ್ಬಿಣದ ವಾಸನೆ ಹೊಡೆಯುತ್ತಿತ್ತು. ಅವನ ಉಗುರಿನ ಸಂದಿಯಲ್ಲಿ ತುಕ್ಕಿತ್ತು.

ಸಂಜೆ ಅವ್ವ, "ಕಾಕಾ ಸರಪಳಿಗೆ ಏನಾರ ಮಾಡಿದನ?" ಎಂದಳು. ನಾನು ಇಲ್ಲವೆಂದೆ. ಅಪ್ಪನ ಬಗ್ಗೆ ಅವಳು ಕೇಳಲಿಲ್ಲ.