ಬಾಗಿಲಾಚೆಯ ಕೆಮ್ಮು

ಹಂಬಲದ ಹಾರ್ಮೋನು ಏರಿದರೆ ಪ್ಲೇಟ್‌ಲೆಟ್ಟೂ ಏರುತ್ತದೆಂದು ಡೆಂಗಿ ವಾರ್ಡಿನೊಳಗೆ ಗಂಡಂದಿರನ್ನು ಬಿಡುತ್ತಿರಲಿಲ್ಲ. ತಿಪ್ಪೇಸ್ವಾಮಿ ಮೂರು ದಿನದಿಂದ ಬಾಗಿಲಾಚೆಯ ಬೆಂಚಿನಲ್ಲಿ ನಿಯತ್ತಾಗಿ ಕೂತಿದ್ದರೂ ಹೆಂಡತಿ ವನಜಾಕ್ಷಿಯ ಕೌಂಟು ಹದಿನೆಂಟು ಸಾವಿರದಿಂದ ಮೇಲೇಳಲಿಲ್ಲ.

"ಮೂವತ್ತು ವರ್ಷ ಸಂಸಾರ ಮಾಡಿದೀನಿ ಸಿಸ್ಟರ್. ಅವಳಿಗೆ ನನ್ನ ನೆನಪೇ ಆಗಲ್ವಾ?"

"ನಿಮ್ಮ ಕೆಮ್ಮು ಕೇಳಿಸ್ತಿದ್ರೆ, ಇಲ್ಲೇ ಇದಾರಲ್ಲ ಅಂತ ಹಾಯಾಗಿ ಮಲಗ್ತಾರೆ ಯಜಮಾನ್ರೇ. ಹಂಬಲ ಎಲ್ಲಿಂದ ಬರಬೇಕು?" ಸಿಸ್ಟರ್ ಗದರಿದಳು.

ತಿಪ್ಪೇಸ್ವಾಮಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ನಡೆದರು. ಎರಡು ದಿನ ಯಾವ ಬಸ್ಸನ್ನೂ ಹತ್ತದೆ, ಆಸ್ಪತ್ರೆಯ ದಿಕ್ಕಿಗೇ ಮುಖಮಾಡಿ ಕೂತರು.

ಮೂರನೆಯ ಬೆಳಿಗ್ಗೆ ಸಿಸ್ಟರ್ ಫೋನು ಮಾಡಿದಳು. "ಲಕ್ಷ ದಾಟ್ತು, ಬನ್ನಿ."

ಓಡಿ ಬಂದವರು ವಾರ್ಡಿನ ಬಾಗಿಲಲ್ಲಿ ನಿಂತು, ಮೊದಲು ಚೆನ್ನಾಗಿ ಕೆಮ್ಮಿದರು.

"ಎಲ್ಲಿ ಹಾಳಾಗಿ ಹೋಗಿದ್ರಿ?" ಒಳಗಿನಿಂದ ವನಜಾಕ್ಷಿಯ ದನಿ ಬಂತು.