ಖಾಲಿ ಡಬ್ಬದ ನ್ಯಾಯ

"ಅಲ್ಲಾಡಿಸಿ ನೋಡಿಬಿಡಿ. ಆಮೇಲೆ ಮೋಸ ಅನ್ನಬಾರದು."

ಮ್ಯಾನೇಜರು ಖಾಲಿ ಐಸ್‌ಕ್ರೀಂ ಡಬ್ಬವನ್ನು ಮೇಜಿನ ಮೇಲಿಟ್ಟರು. ಶೀತವಾಗಿ ಅವರ ಗಂಟಲು ಕಟ್ಟಿತ್ತು. ಹಿಂದಿನ ದಿನ, ಭಾನುವಾರ, ಮನೆಯಲ್ಲಿ ಮಗಳ ಹುಟ್ಟುಹಬ್ಬ.

ಅದೇ ಭಾನುವಾರ ಐಸ್‌ಕ್ರೀಂ ಕಾರ್ಖಾನೆಯ ಕೋಲ್ಡ್ ರೂಮಿನ ಬಾಗಿಲನ್ನು ಯಾರೋ ತೆರೆದಿಟ್ಟು ಹೋಗಿದ್ದರು. ಸರಕೆಲ್ಲ ಕರಗಿ ಹೊಸ್ತಿಲು ದಾಟಿ ಹರಿದಿತ್ತು. ಕೀಲಿ ಇರುವುದು ಪ್ಯಾಕಿಂಗ್ ಅಕ್ಕ, ಲೋಡರ್, ವಾಚ್‌ಮನ್ ತಾತ, ಈ ಮೂವರ ಬಳಿ ಎಂದು ಮ್ಯಾನೇಜರು ಮಾಲಕಿಗೆ ತಿಳಿಸಿದ್ದರು. ಒಬ್ಬರನ್ನು ಮನೆಗೆ ಕಳಿಸಿ ಎಂದು ಅಪ್ಪಣೆಯಾಗಿತ್ತು. ವಿಚಾರಣೆಗೆ ಸಮಯ ಬೇಕು, ತಲೆಯೂ ಬೇಕು. ಚೀಟಿ ಎತ್ತುವುದಕ್ಕೆ ಎರಡೂ ಬೇಡ; ಹೆಸರು ಬಂದವರು ಮನೆಗೆ.

"ಯಾರು ಮಾಡಿದ್ದು ಅಂತ ಗೊತ್ತಿಲ್ದೆ ಒಬ್ಬರ ಅನ್ನ ಕಿತ್ಕೊಳ್ಳೋದು ಯಾವ ನ್ಯಾಯ ಸಾರ್?" ಎಂದಳು ಅಕ್ಕ.

"ಅನುಮಾನ ಮೂವರ ಮೇಲೂ ಸಮ. ಅಪಾಯಾನೂ ಮೂವರಿಗೂ ಸಮ. ಇದಕ್ಕಿಂತ ನ್ಯಾಯ ಇನ್ನೇನಮ್ಮ?"

ತಾತ ಬಾಯಿ ತೆರೆದ. "ಸಾರ್, ನಿನ್ನೆ ನಾನು ಗೇಟಲ್ಲಿ..."

"ಮಾತು ಸಾಕು ತಾತ. ಹೇಳೋದೇನಿದ್ರೂ ಚೀಟಿಲಿ ಹೇಳು. ನಾನು ಬರೆದ್ರೆ ತಪ್ಪು ತಿಳೀತೀರಿ, ನೀವೇ ಹೆಸರು ಬರ್ಕೊಳ್ಳಿ."

"ಸರಿಯಾದ ಹೆಸರನ್ನೇ ಬರೀಬೇಕಾ ಸಾರ್?" ಎಂದ ತಾತ.

"ಮತ್ತೆ? ತಪ್ಪು ಹೆಸರು ಬರೀತೀಯಾ?"

ಮೂವರೂ ಮೂಲೆಗೆ ಹೋಗಿ ಗುಸುಗುಸು ಮಾತಾಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಚೀಟಿ ಬರೆದು ಡಬ್ಬಕ್ಕೆ ಹಾಕಿದರು. ಮ್ಯಾನೇಜರು ಓರೆಗಣ್ಣಲ್ಲಿ ಗಮನಿಸಿದರು. ಒಬ್ಬರ ಕೈಯೂ ನಡುಗಲಿಲ್ಲ. ಎಲ್ಲಾ ಭಂಡರೇ, ಯಾರು ಹೋದರೂ ನಷ್ಟವಿಲ್ಲ ಎಂದುಕೊಂಡರು.

ಮಾಲಕಿ ಬಂದರು. ಕಣ್ಣು ಮುಚ್ಚಿ ಚೀಟಿ ಎತ್ತಿ, ಬಿಡಿಸಿ ಓದಿದರು. ಹುಬ್ಬು ಗಂಟಾಯಿತು. ಇನ್ನೊಂದನ್ನು ಬಿಡಿಸಿದರು. ಕೊನೆಯದನ್ನೂ. ಮೂರನ್ನೂ ಸಾಲಾಗಿ ಮೇಜಿನ ಮೇಲಿಟ್ಟರು.

ಅಕ್ಷರ ಮೂರು ಬಗೆಯವು, ಬರೆದದ್ದು ಒಂದೇ: ಮ್ಯಾನೇಜರ್.

"ಮೇಡಂ," ಮ್ಯಾನೇಜರು ಚೀಟಿಗಳನ್ನು ಬಾಚಿಕೊಳ್ಳಲು ಹೋದರು, "ಇದೆಲ್ಲ ಅದೃಷ್ಟದಾಟ. ಯಾರು ಮಾಡಿದ್ದು ಅಂತ ಗೊತ್ತಿಲ್ದೆ ಒಬ್ಬರ ಅನ್ನ ಕಿತ್ಕೊಳ್ಳೋದು ಯಾವ ನ್ಯಾಯ?"

"ನಾನೂ ಅದನ್ನೇ ಕೇಳಿದ್ದೆ," ಎಂದಳು ಅಕ್ಕ.

ತಾತ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಗೊತ್ತಿಲ್ದೆ ಏನು ಸಾರ್? ನಿನ್ನೆ ನಿಮ್ಮ ಎರಡೂ ಕೈಲಿ ಐಸ್‌ಕ್ರೀಂ ಡಬ್ಬ ಇದ್ವು. ಬಾಗಿಲು ಹಾಕೋಕೆ ಮೂರನೇ ಕೈ ಎಲ್ಲಿತ್ತು?"